ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಮತ್ತು ಸಿಡುಬಿನ ಲಸಿಕೆ

ಮೈಸೂರು ಅರಸು ಮನೆತನದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು 1742ರಲ್ಲಿ ಜನಿಸಿದರು. ಇವರು ಕತ್ತಿ ಗೋಪಾಲರಾಜೇ ಅರಸ್ ಅವರ ಪುತ್ರಿ ಹಾಗೂ ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. 1766ರಲ್ಲಿ ಪತಿಯನ್ನು ಕಳೆದುಕೊಂಡ ಇವರು, ಹೈದರ್ ಮತ್ತು ಟಿಪ್ಪು ಅವರ ಆಡಳಿತಾವಧಿಯಲ್ಲಿ ತಿರುಮಲರಾವ್ ಹಾಗೂ ನಾರಾಯಣರಾವ್ ಅವರ ಮೂಲಕ ಈಸ್ಟ್ ಇಂಡಿಯಾ ಕಂಪನಿಯೊಡನೆ ಗುಪ್ತವಾಗಿ ಸಂಧಾನ ನಡೆಸಿ, 1782ರಲ್ಲಿ ಒಪ್ಪಂದವನ್ನೂ ಮಾಡಿಕೊಂಡರು. ಅದರ ಫಲ ಕೈಸೇರಲು 17 ವರ್ಷ ಬೇಕಾಯಿತು. 1799ರ ಜೂನ್ 30ರಂದು ಐದು ವರ್ಷದ ಮೊಮ್ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಪೂರ್ಣಯ್ಯನವರು ದಿವಾನರಾದರು. ನಗರ ಸೀಮೆಯು (ಇಂದಿನ ತೀರ್ಥಹಳ್ಳಿ, ಹೊಸನಗರ, ಸಾಗರ ಭಾಗಗಳು) ಮೈಸೂರಿಗೇ ಉಳಿಯಿತು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಸಲ್ಲಿಸಬೇಕಾಗಿದ್ದಿತು, ಸಣ್ಣ ಮೊತ್ತವೇನಲ್ಲ.

ಆ ಕಾಲದಲ್ಲಿ ಸಿಡುಬು ಎಂದರೆ ಮಾರಿಯಮ್ಮನ ಮುನಿಸು. ಹಸುವಿನ ಸಿಡುಬಿನಿಂದ ತಯಾರಾದ ಜೆನ್ನರ್ ಅವರ ಲಸಿಕೆಯು ವಿಯೆನ್ನಾ, ಬಾಗ್ದಾದ್, ಬಸ್ರಾ ಮಾರ್ಗವಾಗಿ 1802ರ ಜೂನ್‌ನಲ್ಲಿ ಮುಂಬಯಿಗೆ ತಲುಪಿತು. ಶೀತಲಪೆಟ್ಟಿಗೆಗಳಿಲ್ಲದ ಆ ದಿನಗಳಲ್ಲಿ ಒಬ್ಬರ ತೋಳಿನ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ಹಾಕುತ್ತಾ ಅದನ್ನು ಕಾಪಾಡಬೇಕಾಗಿದ್ದಿತು. ಯಾವ ಜಾತಿಯವರ ತೋಳಿನದೋ ಎಂಬ ಶಂಕೆಯಿಂದ ಜನರು ಹಿಂಜರಿದುದು ಸಹಜವೇ. ಹಳೆಯ ಪದ್ಧತಿಯಂತೆ ಸಿಡುಬಿನ ರಸವನ್ನೇ ಹಾಕಿ ಜೀವಿಸುತ್ತಿದ್ದವರ ವಿರೋಧವೂ ಇದ್ದಿತು. ಹೊಸದಾಗಿ ಬಂದ ಆಳರಸರಾದ ಕಂಪನಿಗೆ ಔಷಧಿಯ ಜೊತೆಗೆ ಜನರ ವಿಶ್ವಾಸವೂ ಬೇಕಾಗಿದ್ದಿತು.

1805ರಲ್ಲಿ ಬಾಲ ಮಹಾರಾಜರ ವಿವಾಹಕ್ಕಾಗಿ ದೇವಾಜಮ್ಮಣ್ಣಿ ಎಂಬ ಒಂದೇ ಹೆಸರಿನ ಇಬ್ಬರು ಬಾಲೆಯರು ಅರಮನೆಗೆ ಬಂದರು. ಅವರಲ್ಲಿ ಕಿರಿಯ ರಾಣಿಗೆ ಲಸಿಕೆ ಹಾಕಿಸಲಾಯಿತು. ಹಿರಿಯರಾದ ಲಕ್ಷ್ಮಮ್ಮಣ್ಣಿಯವರ ಒಪ್ಪಿಗೆಯಿಲ್ಲದೆ ಅಂತಃಪುರದಲ್ಲಿ ಇಂತಹ ಕಾರ್ಯ ನಡೆಯುವುದು ಸಾಧ್ಯವಿರಲಿಲ್ಲ. ಏನಾದರೂ ಅಪಾಯ ಸಂಭವಿಸಿದ್ದರೆ, ಮೂರು ದಶಕಗಳ ಕಷ್ಟದಿಂದ ಮರಳಿ ಪಡೆದ ಸಿಂಹಾಸನದ ಮೇಲೆಯೇ ಅಪವಾದ ಬರುತ್ತಿತ್ತು. ರಾಣಿಗೆ ಲಸಿಕೆಯಾದ ಸುದ್ದಿ ತಿಳಿದು ಪ್ರಜೆಗಳು ಮುಂದೆ ಬಂದರೆಂದು ಕಂಪನಿಯ ವರದಿಗಳು ತಿಳಿಸುತ್ತವೆ. ಆ ವರದಿಗಳಲ್ಲಿ ಸ್ವಪ್ರಶಂಸೆಯ ಅಂಶವೂ ಇದೆ ಎಂಬುದನ್ನು ಗಮನಿಸಬೇಕು.

ಅದೇ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರರು ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದರು. ಅದರಲ್ಲಿ ಬಲಗಡೆಯ ಯುವತಿಯು ಸೆರಗು ಸರಿಸಿ ತನ್ನ ತೋಳನ್ನು ತೋರಿಸುತ್ತಾಳೆ. ಪರದೆಯೊಳಗಿನ ಸ್ತ್ರೀಯರು ಪರಪುರುಷನೆದುರು ಹೀಗೆ ಕುಳಿತದ್ದು ಅಪರೂಪ. ಬಹುಕಾಲ ಇವರನ್ನು ನರ್ತಕಿಯರೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರು ಇವರು ಮೈಸೂರು ಅರಮನೆಯವರೆಂದೂ, ಚಿತ್ರವು ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದುದೆಂದೂ ಅಭಿಪ್ರಾಯಪಟ್ಟಿದ್ದಾರೆ.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ನಿಧನರಾದರು. ಮರುವರ್ಷ ಮುಮ್ಮಡಿಯವರು ಆಡಳಿತವನ್ನು ಸ್ವತಃ ವಹಿಸಿಕೊಂಡರು.