ಹುಳುಕು ಹುಡುಕುವವರೂ ಬೇರು ಅರಸಿದವರೂ

ಪರರ ಬರಹದಲ್ಲಿ ಎಳ್ಳಷ್ಟು ಕುಂದನ್ನು ಕಂಡು ಅದನ್ನೇ ಗುಡ್ಡವಾಗಿಸುವ ಸ್ವಭಾವಕ್ಕೆ ಯಾವ ಭಾಷೆಯಲ್ಲಿಯೂ ಹೆಸರಿನ ಕೊರತೆಯಿಲ್ಲ. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ‘ವಿಟಿಲಿಟಿಗೇಟ್’ ಎಂಬ ಕ್ರಿಯಾಪದವೊಂದಿತ್ತು. ಇಂದು ಅದು ದೊಡ್ಡ ಕೋಶಗಳ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಲ್ಯಾಟಿನ್ನಿನಲ್ಲಿ ‘ವಿಟಿಯಂ’ ಎಂದರೆ ದೋಷ, ‘ಲಿಟಿಗಾರೆ’ ಎಂದರೆ ವ್ಯಾಜ್ಯ ಹೂಡುವುದು. ತನ್ನ ಗ್ರಂಥವನ್ನು ಹಳಿಯಲು ಕಾದಿರುವವರಿಗೆ ರೋಮಿನ ಕೇಟೋ ಈ ಪದವನ್ನು ಅಂಟಿಸಿದ್ದನ್ನು ಪ್ಲಿನಿಯು ತನ್ನ ನಿಸರ್ಗೇತಿಹಾಸದ ಮುನ್ನುಡಿಯಲ್ಲಿ ನೆನೆದಿದ್ದಾನೆ. ‘ವೆಲಿಕೇಟ್’ ಎಂಬುದು ಇಂಥದೇ ಇನ್ನೊಂದು ಮೃತಪದ. ಅದರ ಲ್ಯಾಟಿನ್ ಬೇರಿನ ಅರ್ಥ ಕೀಳುವುದು. ಈಗಲೂ ಬದುಕಿರುವ ‘ಕಾರ್ಪ್’ ಹುಟ್ಟಿನಿಂದ ನಾರ್ಸ್ ಭಾಷೆಯದು. ಅಲ್ಲಿ ಅದಕ್ಕೆ ಜಂಬ ಕೊಚ್ಚುವ ಅರ್ಥವಿತ್ತು. ಲ್ಯಾಟಿನ್ನಿನ ‘ಕಾರ್ಪೆರೆ’, ಅಂದರೆ ಕೀಳು ಎಂಬ ಧಾತುವಿನ ನೆರಳು ಬಿದ್ದಮೇಲೆಯೇ ಅದು ತಪ್ಪು ಹೆಕ್ಕುವ ಮಾತಾಯಿತು.

ನಮ್ಮ ಕೊಂಕಿನ ಮೂಲದಲ್ಲಿರುವುದು ಬಾಗು, ವಕ್ರತೆ. ಹುಳುಕು ಎಂಬುದು ಹುಳು ಕೊರೆದುದು. ಸಂಸ್ಕೃತದ ಛಿದ್ರಾನ್ವೇಷಣೆಯೆಂದರೆ ತೂತು ಅರಸುವುದು. ರೋಮಿನವನಿಗೆ ಇಂಥವನ ಕೀಳುವ ಕೈ ಕಂಡಿತು. ಕನ್ನಡಿಗನಿಗೆ ಕಾಳಿನೊಳಗಿನ ಹುಳು ಕಂಡಿತು. ನಮ್ಮದೇ ಹೆಚ್ಚು ಮೊನಚೆಂದು ನನ್ನ ಮತ.

ಹೀಗೆ ಶಬ್ದದ ಬೇರನ್ನು ಕೆದಕುವ ಚಟವನ್ನು ನಮ್ಮ ಸೀಮೆಯಲ್ಲಿ ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಮೊದಲಿಗೆ ನೆನಪಾಗುವವರು ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್. ಅವರು 1832ರಲ್ಲಿ ಜರ್ಮನಿಯ ಉತ್ತರದಂಚಿನ ರೆಸ್ಟರ್‌ಹಾಫೆ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಎಳೆಯದರಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿತರು. ಬಾಸೆಲ್ ಮಿಶನ್ನಿನಲ್ಲಿ ಶಿಕ್ಷಣ ಮುಗಿಸಿ 1853ರಲ್ಲಿ ಮಂಗಳೂರಿಗೆ ಬಂದರು. ಅನಂತರ ಧಾರವಾಡ, ಹುಬ್ಬಳ್ಳಿ, ಮಡಿಕೇರಿ ಎಂದು ಮಿಶನ್ ಕಳುಹಿದಲ್ಲಿಗೆ ಹೋದರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಪತ್ನಿ ಪಾಲಿನ್ ತೀರಿಕೊಂಡಳು. ಮುಂದೆ ಆಕೆಯ ಸೋದರಿ ಜೂಲಿಯನ್ನು ವರಿಸಿದರು.

ಮತವನ್ನು ಸಾರಲು ಬಂದವರು ಜನರ ನುಡಿಯಲ್ಲಿ ಮುಳುಗಿಹೋದರು. ಭಾರತೀಯರಿಗೆ ಭಾರತೀಯನಾಗಿಯೇ ಇರಬೇಕೆಂಬ ಅವರ ಹಂಬಲ ಜತೆಯ ಪಾದ್ರಿಗಳಲ್ಲಿ ಅನೇಕರಿಗೆ ಹಿಡಿಸಲಿಲ್ಲ. ಮತಪ್ರಚಾರಕ್ಕಿಂತ ಓಲೆಗರಿಗಳ ಕಡೆಗೇ ಈತನ ಒಲವೆಂಬ ಆಕ್ಷೇಪ ಬೆನ್ನು ಬಿಡಲಿಲ್ಲ. ಎಷ್ಟು ಮಂದಿಯನ್ನು ಮತಕ್ಕೆ ತಂದೆಯೆಂದು ಲೆಕ್ಕ ಕೇಳುವ ಸಂಸ್ಥೆಯಲ್ಲಿ ಧಾತುಗಳ ಲೆಕ್ಕ ಯಾರಿಗೆ ಬೇಕು? ಆದರೂ ಕಿಟ್ಟೆಲ್ಲರು ವಾದಕ್ಕಿಂತ ಕೆಲಸವನ್ನು ನೆಚ್ಚಿದರು. ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿ 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಸಂಪಾದಿಸಿದರು.

ಸಂಸ್ಕೃತವೇ ಕೊಟ್ಟದ್ದು, ಕನ್ನಡ ಬರಿದೆ ಕೈಯೊಡ್ಡಿದ್ದು ಎಂದು ವಿದ್ವಾಂಸರು ನಿಶ್ಚಿಂತೆಯಿಂದಿದ್ದ ಕಾಲವದು. ಸಂಸ್ಕೃತ ಕೋಶಗಳಲ್ಲಿಯೇ ದ್ರಾವಿಡ ಶಬ್ದಗಳು ಸೇರಿಕೊಂಡಿವೆಯೆಂದು ಕಿಟ್ಟೆಲ್ಲರು 1872ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದರು, ಮುಂದೆ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಅಂಥವುಗಳ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಆ ಪಟ್ಟಿಯ ಎಲ್ಲ ಶಬ್ದಗಳೂ ಇಂದಿನ ಪರೀಕ್ಷೆಗೆ ನಿಲ್ಲಲಾರವು. ಸಾಲ ಎರಡೂ ಕಡೆಗೆ ಹರಿದಿದೆಯೆಂಬ ಮೂಲಮಾತು ಮಾತ್ರ ಕದಲಿಲ್ಲ.

1877ರಲ್ಲಿ ಜರ್ಮನಿಗೆ ಮರಳಿದವರು ನಿಘಂಟಿನ ಸಲುವಾಗಿಯೇ 1883ರ ಸುಮಾರಿಗೆ ಮತ್ತೆ ಈ ನೆಲಕ್ಕೆ ಬಂದರು. ಅವರಿಗಿಂತ ಮೊದಲು ರೀವರ ಕೋಶವಿತ್ತು. ಕಿಟ್ಟೆಲ್ಲರಿಗೆ ಅದು ಸಾಲಲಿಲ್ಲ. ಒಂದೊಂದು ಶಬ್ದಕ್ಕೂ ಹಳಗನ್ನಡದ ಪ್ರಯೋಗ, ಹಳ್ಳಿಗನ ಗಾದೆ, ತಮಿಳು, ತೆಲುಗು, ಮಲೆಯಾಳ, ತುಳುಗಳ ಒಡಹುಟ್ಟಿದ ರೂಪ, ಇಷ್ಟನ್ನೂ ಕಲೆಹಾಕಬೇಕು. ಇಂದಿನ ಯಂತ್ರಗಳೊಂದೂ ಇಲ್ಲದೆ, ಚೀಟಿ ಮತ್ತು ಲೇಖನಿಗಳ ಬಲದಿಂದ ನಡೆದ ದುಡಿಮೆ. ದೇಹ ಬಳಲಿ 1892ರಲ್ಲಿ ತಾಯ್ನಾಡಿಗೆ ಹೊರಟುಹೋದರು. ಮಂಗಳೂರಿನ ಮಿಶನ್ನಿನಿಂದ 1894ರಲ್ಲಿ ನಿಘಂಟು ಹೊರಬಿದ್ದಿತು: ಸುಮಾರು 70,000 ಶಬ್ದಗಳು, 1700ಕ್ಕೂ ಮಿಕ್ಕ ಪುಟಗಳು. ಎರಡು ವರ್ಷಗಳ ಬಳಿಕ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಪದವಿಯಿತ್ತಿತು.

ಇಷ್ಟು ದೊಡ್ಡ ಕಣಜದಲ್ಲಿ ಜೊಳ್ಳು ಇರದೆ ಇದ್ದೀತೆ? ಬಿಟ್ಟುಹೋದ ಶಬ್ದಗಳಿವೆ, ಒಪ್ಪಲಾಗದ ನಿಷ್ಪತ್ತಿಗಳಿವೆ. ಮರಿಯಪ್ಪ ಭಟ್ಟರು ಇದನ್ನು ತಿದ್ದಿ ಬೆಳೆಸಿದರು. ಮದರಾಸು ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರವರೆಗೆ ಪ್ರಕಟಿಸಿತು. ಅದು ತಪ್ಪನ್ನು ಕಂಡು ಸರಿಪಡಿಸಿದ ಕೆಲಸ. ಕೇಟೋ ಹೆಸರಿಟ್ಟ ಜಾತಿಯವರಾದರೋ ಒಂದು ಮುದ್ರಣದೋಷವನ್ನು ಚಿವುಟಿ ಹಿಡಿದು ನಿಘಂಟನ್ನೇ ಮುಚ್ಚಿಡುತ್ತಾರೆ. ತರಗತಿಗಳಲ್ಲಿ ಅಂಥವರನ್ನು ಕಂಡಿದ್ದೇನೆ. ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ಮೊಸರಿನ ರುಚಿಯೇ ತಿಳಿದಿರುವುದಿಲ್ಲ.

ಊರು ಸೇರಿದ ಮೇಲೂ ಕಿಟ್ಟೆಲ್ಲರ ಲೇಖನಿ ನಿಲ್ಲಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಟ್ಟಿಗೆ ವಿವರಿಸುವ ಅವರ ಇಂಗ್ಲಿಷ್ ವ್ಯಾಕರಣಗ್ರಂಥ 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ಕಣ್ಮುಚ್ಚಿದರು.