ಕ್ಲೋಡ್ ಡೆಬ್ಯುಸಿ
ಕ್ಲೋಡ್ ಡೆಬ್ಯುಸಿ (22 ಆಗಸ್ಟ್ 1862 – 25 ಮಾರ್ಚ್ 1918) ಫ್ರಾನ್ಸ್ ದೇಶದ ಸಂಗೀತ ಸಂಯೋಜಕ ಹಾಗೂ ಪಿಯಾನೊ ವಾದಕ. ಪಾಶ್ಚಾತ್ಯ ಸಂಗೀತದಲ್ಲಿ ಕಾರ್ಡ್ (ಏಕಕಾಲದಲ್ಲಿ ನುಡಿಸುವ ಸ್ವರಗುಚ್ಛ) ಎಂಬುದರ ಅರ್ಥವನ್ನೇ ಬದಲಿಸಿದವರಲ್ಲಿ ಇವರು ಪ್ರಮುಖರು. ಇವರ ಸಂಗೀತವನ್ನು 'ಇಂಪ್ರೆಷನಿಸಂ' ಎಂದು ಕರೆಯುವ ರೂಢಿಯಿದ್ದರೂ, ಆ ಹೆಸರು ಇವರಿಗೆ ಒಪ್ಪಿಗೆಯಾಗಿರಲಿಲ್ಲ.

ಬಾಲ್ಯ ಮತ್ತು ಶಿಕ್ಷಣ

ಡೆಬ್ಯುಸಿ ಪ್ಯಾರಿಸ್ ಸಮೀಪದ ಸೇಂಟ್-ಜರ್ಮೈನ್-ಆನ್-ಲೇ ಎಂಬ ಊರಿನಲ್ಲಿ ಜನಿಸಿದರು. ತಂದೆ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟಿದ್ದರು. ಮನೆತನದಲ್ಲಿ ಸಂಗೀತಗಾರರು ಯಾರೂ ಇರಲಿಲ್ಲ. 1871ರ ಪ್ಯಾರಿಸ್ ಕಮ್ಯೂನ್ ದಂಗೆಯಲ್ಲಿ ಭಾಗವಹಿಸಿದ್ದಕ್ಕಾಗಿ ತಂದೆ ಸೆರೆಮನೆ ಸೇರಿದರು. ವಿಚಿತ್ರವೆಂದರೆ ಮಗನ ಸಂಗೀತದ ಬಾಗಿಲು ತೆರೆದದ್ದು ಅಲ್ಲಿಯೇ. ಸಹಕೈದಿಯಾಗಿದ್ದ ಸಂಗೀತಗಾರ ಶಾರ್ಲ್ ದ ಸಿವ್ರಿಯ ತಾಯಿ ಮದಾಂ ಮೋತೆ ಬಾಲಕನಿಗೆ ಪಿಯಾನೊ ಕಲಿಸಲು ಮುಂದಾದರು. ತಾನು ಶೋಪಾನ್‌ನ ಶಿಷ್ಯೆಯೆಂದು ಆಕೆ ಹೇಳಿಕೊಳ್ಳುತ್ತಿದ್ದರು. ಒಂದೇ ವರ್ಷದಲ್ಲಿ, ಅಂದರೆ 1872ರಲ್ಲಿ, ಹತ್ತು ವರ್ಷದ ಡೆಬ್ಯುಸಿ ಪ್ಯಾರಿಸ್ ಕನ್ಸರ್ವೇಟರಿಯನ್ನು ಸೇರಿದರು.

ಪಿಯಾನೊದಲ್ಲಿ ಪ್ರಥಮ ಬಹುಮಾನ ದೊರೆಯದ ಕಾರಣ ವೃತ್ತಿಪರ ವಾದಕನಾಗುವ ಆಸೆಯನ್ನು ಕೈಬಿಡಬೇಕಾಯಿತು. ಸಂಯೋಜನೆಯಲ್ಲಿ ಮಾತ್ರ 1884ರಲ್ಲಿ ಪ್ರತಿಷ್ಠಿತ 'ಪ್ರೀ ದ ರೋಮ್' ಪ್ರಶಸ್ತಿ ಲಭಿಸಿತು. ಆದರೂ ಗುರುಗಳೊಡನೆ ಇವರಿಗಿದ್ದ ಭಿನ್ನಾಭಿಪ್ರಾಯ ಕೊನೆಯವರೆಗೂ ಉಳಿಯಿತು. ಅದರ ಮೂಲವಿದ್ದುದು ಕಾರ್ಡ್‌ಗಳ ನಿಯಮದಲ್ಲಿ.

ಕಾರ್ಡ್‌ಗಳ ಬಳಕೆ

ಷಡ್ಜ, ಗಾಂಧಾರ, ಪಂಚಮಗಳು ಕೂಡಿದರೆ ಮೂರು ಸ್ವರಗಳ ಸರಳ ಕಾರ್ಡ್ ಆಗುತ್ತದೆ. ಹಿಂದಿನ ಕಾರ್ಡ್‌ನ ಮಧ್ಯಮವನ್ನು ಬಿಡದೆ ಹಿಡಿದು ಗಾಂಧಾರದ ಸ್ಥಾನದಲ್ಲಿ ನಿಲ್ಲಿಸಿದರೆ ಅದು 'ಸಸ್ಪೆಂಡೆಡ್', ಅಂದರೆ ತೂಗಿಬಿಟ್ಟ ಕಾರ್ಡ್. ಹೀಗೆ ತೂಗುವ ಸ್ವರ ಒಂದು ಮೆಟ್ಟಿಲು ಇಳಿದು ಗಾಂಧಾರವನ್ನು ಸೇರಲೇಬೇಕೆಂಬುದು ಕನ್ಸರ್ವೇಟರಿಯ ಕಟ್ಟುನಿಟ್ಟು. ಮೂರು ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು ಧೈವತವನ್ನೋ ರಿಷಭವನ್ನೋ ಸೇರಿಸಿದರೆ ಅದು 'ಸೇರ್ಪಡೆ ಸ್ವರ'ದ ಕಾರ್ಡ್. ಇವೆರಡೂ ಡೆಬ್ಯುಸಿಗಿಂತ ಮೊದಲೇ ಇದ್ದವು. ಅವುಗಳನ್ನು ಬಿಡಿಸದೆ ಹಾಗೆಯೇ ಬಿಡಬಹುದು, ಅವು ತಮ್ಮಷ್ಟಕ್ಕೆ ತಾವೇ ಸುಖವಾಗಿ ನಿಲ್ಲಬಲ್ಲವು ಎಂಬುದು ಇವರ ನಿಲುವು. ಗುರು ಅರ್ನೆಸ್ಟ್ ಗಿರೋ ಅವರ ಮುಂದೆ ಪಿಯಾನೊದಲ್ಲಿ ನಿಷಿದ್ಧ ಕಾರ್ಡ್‌ಗಳನ್ನು ಸಾಲಾಗಿ ನುಡಿಸಿ, ಕಿವಿಗೆ ಹಿತವಾದದ್ದೇ ನಿಯಮವೆಂದು ಇವರು ವಾದಿಸಿದ್ದನ್ನು ಸಹಪಾಠಿ ಮೊರಿಸ್ ಎಮ್ಯಾನ್ಯುಯೆಲ್ ಬರೆದಿಟ್ಟಿದ್ದಾರೆ.

1889ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಕೇಳಿದ ಜಾವಾ ದ್ವೀಪದ ಗ್ಯಾಮೆಲಾನ್ ವಾದ್ಯಮೇಳ ಈ ನಿಲುವಿಗೆ ಬಲ ನೀಡಿತು. ಇದರ ಫಲವನ್ನು 1903ರ 'ಎಸ್ಟಾಂಪ್' ಸಂಗ್ರಹದ ಮೊದಲ ರಚನೆಯಾದ 'ಪಗೋಡ್'ನಲ್ಲಿ ಕಾಣಬಹುದು. ಅದರ ಮುಖ್ಯ ಸ್ವರಗಳು ಐದು: ನಾಲ್ಕು ಕಪ್ಪು ಮನೆಗಳು, ಒಂದು ಬಿಳಿ ಮನೆ. ಬಿಳಿ ಮನೆಯನ್ನು ಷಡ್ಜವೆಂದು ಎಣಿಸಿದರೆ ಇವು ಕರ್ನಾಟಕ ಸಂಗೀತದ ಮೋಹನ ರಾಗದ ಸ್ವರಗಳೇ (ಇದು ಕೇವಲ ಹೋಲಿಕೆ). ಸರಳ ಕಾರ್ಡ್‌ಗೆ ರಿಷಭ, ಧೈವತಗಳು ಸೇರಿದೊಡನೆ ಈ ಐದೂ ಸ್ವರಗಳು ತುಂಬಿಬರುತ್ತವೆ. ಹೀಗಾಗಿ ರಾಗವೂ ಕಾರ್ಡೂ ಒಂದೇ ಆಗಿಬಿಡುತ್ತವೆ. ಪೆಡಲ್ ಒತ್ತಿಹಿಡಿದು ನುಡಿಸಿದಾಗ ಸ್ವರಗಳು ಒಂದರ ಮೇಲೊಂದು ಹರಡಿಕೊಂಡರೂ ಕಲಸಿಹೋಗದಿರುವುದಕ್ಕೆ ಇದೇ ಕಾರಣ.

'ಪೂರ್ ಲ ಪಿಯಾನೊ' (1901) ಕೃತಿಯ ಸರಬಾಂಡ್‌ನಲ್ಲಿ ಏಳನೆಯ ಸ್ವರ ಸೇರಿದ ಕಾರ್ಡ್‌ಗಳು ಬಿಡುಗಡೆ ಬಯಸದೆ ಒಟ್ಟಾಗಿ ಸರಿಯುತ್ತವೆ. 1915ರ ಹನ್ನೆರಡು ಎಟ್ಯೂಡ್‌ಗಳಲ್ಲಿ ಒಂದು ಪೂರ್ತಿಯಾಗಿ ನಾಲ್ಕರ ಅಂತರಗಳಿಗೆ ಮೀಸಲು. ಜನಪ್ರಿಯತೆಯಲ್ಲಿ 'ಕ್ಲೇರ್ ದ ಲ್ಯೂನ್' ಮುಂದಿದ್ದರೂ, ಡೆಬ್ಯುಸಿಯ ಹೊಸತನವನ್ನು ಅರಿಯಬಯಸುವವರು ಕೇಳಬೇಕಾದವು ಈ ರಚನೆಗಳು.

ಪಿಯಾನೊದ ಹೊರಗೆ 'ಪೆಲ್ಲೆಯಾಸ್ ಎ ಮೆಲಿಸಾಂದ್' (1902) ಎಂಬ ಒಪೆರಾ ಮತ್ತು 'ಲಾ ಮೆರ್' (1905) ಪ್ರಸಿದ್ಧವಾಗಿವೆ.

ಕೊನೆಯ ವರ್ಷಗಳು

ಮೊದಲ ಪತ್ನಿ ಲಿಲಿ ಟೆಕ್ಸಿಯೇಯನ್ನು ತೊರೆದು ಎಮ್ಮಾ ಬಾರ್ಡಾಕ್ ಜೊತೆ ಹೋದಾಗ, 1904ರಲ್ಲಿ ಲಿಲಿ ಗುಂಡು ಹಾರಿಸಿಕೊಂಡು ಬದುಕುಳಿದರು. ಅನೇಕ ಸ್ನೇಹಿತರು ಡೆಬ್ಯುಸಿಯಿಂದ ದೂರವಾದರು. ಮರುವರ್ಷ ಜನಿಸಿದ ಮಗಳು ಶೂಶೂಗಾಗಿ 'ಚಿಲ್ಡ್ರನ್ಸ್ ಕಾರ್ನರ್' (1908) ರಚನೆಯಾಯಿತು.

ಕರುಳಿನ ಕ್ಯಾನ್ಸರ್‌ಗೆ 1915ರ ಡಿಸೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಯುದ್ಧದ ನಡುವೆ ಯೋಜಿಸಿದ್ದ ಆರು ಸೊನಾಟಾಗಳಲ್ಲಿ ಮೂರು ಮಾತ್ರ ಪೂರ್ಣಗೊಂಡವು. ಜರ್ಮನ್ ಫಿರಂಗಿಗಳು ಪ್ಯಾರಿಸ್ ಮೇಲೆ ಗುಂಡಿನ ಮಳೆಗರೆಯುತ್ತಿದ್ದ ದಿನಗಳಲ್ಲಿ ಇವರು ತೀರಿಕೊಂಡರು. ಶೂಶೂ 1919ರಲ್ಲಿ, ಹದಿನಾಲ್ಕು ತುಂಬುವ ಮುನ್ನವೇ, ಡಿಫ್ತೀರಿಯಾದಿಂದ ನಿಧನಳಾದಳು.

ಪ್ರಭಾವ

ಒಲಿವಿಯೆ ಮೆಸಿಯಾನ್ ಹಾಗೂ ಜಪಾನಿನ ತೋರು ತಾಕೆಮಿತ್ಸು ಇವರಿಗೆ ಋಣಿಗಳು. ಜಾಝ್ ವಾದಕರಾದ ಬಿಕ್ಸ್ ಬೈಡರ್‌ಬೆಕ್ ಮತ್ತು ಬಿಲ್ ಇವಾನ್ಸ್ ಇದೇ ಬಗೆಯ ಕಾರ್ಡ್‌ಗಳನ್ನು ತಮ್ಮದಾಗಿಸಿಕೊಂಡರು. ಡೆಬ್ಯುಸಿ ಸ್ವತಃ ನುಡಿಸಿದ ಕೆಲವು ರಚನೆಗಳು ವೆಲ್ಟೆ ಕಂಪನಿಯ ಪಿಯಾನೊ ಸುರುಳಿಗಳಲ್ಲಿ ಉಳಿದಿವೆ. ಅವುಗಳಲ್ಲಿ 'ಮುಳುಗಿದ ಕೆಥೆಡ್ರಲ್' ಎಂಬ ಪ್ರಿಲ್ಯೂಡ್ ಕೂಡ ಒಂದು. ಅದರ ಕೆಲವು ಭಾಗಗಳನ್ನು ಇವರು ಇಮ್ಮಡಿ ವೇಗದಲ್ಲಿ ನುಡಿಸಿದ್ದಾರೆ. ಮುದ್ರಿತ ಪ್ರತಿಯಲ್ಲಿ ಈ ಸೂಚನೆ ಇಲ್ಲದ ಕಾರಣ ಬಹಳ ಕಾಲ ವಾದಕರು ಆ ಭಾಗಗಳನ್ನು ನಿಧಾನವಾಗಿಯೇ ನುಡಿಸುತ್ತಿದ್ದರು.