ಶಿವಪ್ಪನಾಯಕನ ಶಿಸ್ತು

‘ಸರಾಸರಿ’ ಪಾಠದ ಪೀಠಿಕೆಗೆ ತ್ಯಾವರೆಕೊಪ್ಪದ ಮಕ್ಕಳಿಗೆ ಹೇಳಿದ ಜೀವನಕಥೆ ಇದು.

ಕೆಳದಿಯ ಶಿವಪ್ಪನಾಯಕ 1645ರಲ್ಲಿ ಬಿದನೂರಿನ ಗದ್ದುಗೆ ಏರಿದನು. ದಂಡೆತ್ತಿ ಹೋಗಿ ಪೋರ್ಚುಗೀಸರಿಂದ ಹೊನ್ನಾವರ, ಬಸರೂರು, ಗಂಗೊಳ್ಳಿಯ ಕೋಟೆಗಳನ್ನು ಗೆದ್ದನು. ಮೆಣಸು, ಅಕ್ಕಿ ಹಡಗೇರುವ ರೇವುಗಳು ಅವನ ಕೈಗೆ ಬಂದವು.

ಯುದ್ಧಕ್ಕೆ ಮೊದಲು ನೆಲ ನೋಡುವುದು ದಂಡನಾಯಕನ ರೂಢಿ. ಕಂದಾಯ ಕೇಳುವ ಮೊದಲೂ ಅವನು ನೆಲವನ್ನೇ ನೋಡಿದನು. ಊರೂರಲ್ಲಿ ಒಂದಿಷ್ಟು ಭೂಮಿಯನ್ನು 12 ವರ್ಷ ತಾನೇ ಸಾಗುವಳಿ ಮಾಡಿಸಿ ಬೀಜ, ಖರ್ಚು, ಫಸಲಿನ ಲೆಕ್ಕ ಬರೆಸಿದನು. ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಸರಾಸರಿ ಇಳುವರಿಯ ಮೂರನೇ ಒಂದು ಪಾಲನ್ನು ಕಂದಾಯವೆಂದು ಗೊತ್ತುಪಡಿಸಿದನು. ಅದೇ ‘ಶಿಸ್ತು’. ರೈತನಿಗೆ ತಾನು ಕೊಡಬೇಕಾದದ್ದು ಎಷ್ಟೆಂದು ಮೊದಲೇ ತಿಳಿಯಿತು. ನಾಯಕ 1660ರಲ್ಲಿ ತೀರಿಕೊಂಡರೂ ಶಿಸ್ತಿನ ಹೆಸರು ಉಳಿಯಿತು.

ಅಂಗಡಿ ಇಡುವವರಿಗೂ ಇದೇ ಪಾಠ: ಮೊದಲು ಲೆಕ್ಕ, ಆಮೇಲೆ ಬೆಲೆ.